ವಾರಂಟಿ, ಗ್ಯಾರಂಟಿ: ಹೆಸರು ಬಿಡಿ, ಒಳಗಿನ ಸಾಲು ಓದಿ

“ಗ್ಯಾರಂಟಿ ಇದ್ದರೆ ಹೊಸದು ಕೊಡ್ತಾರೆ, ವಾರಂಟಿ ಇದ್ದರೆ ರಿಪೇರಿ ಮಾಡಿಕೊಡ್ತಾರೆ.” ಮಾರುವವರ ಬಾಯಲ್ಲೂ ಕೊಳ್ಳುವವರ ಬಾಯಲ್ಲೂ ಇರುವ ವ್ಯತ್ಯಾಸ ಇಷ್ಟೇ. ಬಹಳ ಸಲ ಇದು ಸರಿಯಾಗಿಯೇ ಇರುತ್ತದೆ. ಆದರೆ ಇದು ರೂಢಿ, ಕಾನೂನಲ್ಲ. ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ‘ಗ್ಯಾರಂಟಿ’ ಅಂತಿದ್ದು, ಒಳಗೆ ‘ರಿಪೇರಿ ಮಾಡಿಕೊಡಲಾಗುವುದು’ ಅಂತ ಮಾತ್ರ ಇದ್ದರೆ ನಿಮಗೆ ಸಿಗುವುದು ರಿಪೇರಿಯೇ. ಮೇಲೆ ‘ವಾರಂಟಿ’ ಅಂತಿದ್ದು ಒಳಗೆ ‘ಕೆಟ್ಟರೆ ಬದಲಿ’ ಅಂತಿದ್ದರೆ ಧೈರ್ಯವಾಗಿ ಬದಲಿಯನ್ನೇ ಕೇಳಬಹುದು.

ದೇಶ ಬದಲಾದರೆ ಹೆಸರೂ ಅದಲು ಬದಲಾಗುತ್ತದೆ. ಅಮೆರಿಕದ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಯಾವುದನ್ನು ‘ವಾರಂಟಿ’ ಅನ್ನುತ್ತದೋ, ಯುರೋಪಿಯನ್ ಒಕ್ಕೂಟದ ನಿಯಮ ಹೆಚ್ಚುಕಮ್ಮಿ ಅದನ್ನೇ ‘ವಾಣಿಜ್ಯ ಗ್ಯಾರಂಟಿ’ ಅನ್ನುತ್ತದೆ. ಆಸ್ಟ್ರೇಲಿಯಾದಲ್ಲಿ ‘ಗ್ರಾಹಕ ಗ್ಯಾರಂಟಿ’ ಅಂದರೆ ಕಂಪನಿಯ ಕಾರ್ಡೇ ಅಲ್ಲ, ಕಾನೂನು ಕೊಳ್ಳುವವರಿಗೆ ನೇರವಾಗಿ ಕೊಟ್ಟ ಹಕ್ಕು. ಹಾಗಾಗಿ ಹೆಸರು ನೋಡಿ ನಂಬುವುದೂ ಬೇಡ, ಹೆಸರು ನೋಡಿ ಕೈಬಿಡುವುದೂ ಬೇಡ. ಕಾಗದ ಕೈಗೆ ಬಂದಾಗ ಹೀಗೆ ಒಂದೊಂದಾಗಿ ನೋಡುತ್ತಾ ಹೋಗಿ.

1. ಇದು ಸಾಮಾನಿನ ಮಾತೋ, ಸಾಲದ ಮಾತೋ?

‘ಗ್ಯಾರಂಟಿ’ ಅನ್ನುವ ಒಂದೇ ಹೆಸರಿನಲ್ಲಿ ವ್ಯಾಪಾರದಲ್ಲಿ ಎರಡು ಬೇರೆ ವ್ಯವಹಾರ ನಡೆಯುತ್ತವೆ. ಒಂದು, ಮಾರಿದ ಸಾಮಾನು ಸರಿಯಾಗಿ ಕೆಲಸ ಮಾಡುತ್ತದೆ ಅನ್ನುವ ಭರವಸೆ. ಇಲ್ಲಿ ಇರುವುದು ಎರಡೇ ಕಡೆ: ಮಾತು ಕೊಟ್ಟವರು, ಪಡೆದವರು. ಇನ್ನೊಂದು, ‘ಅವರು ಕೊಡದಿದ್ದರೆ ನಾನು ಕೊಡುತ್ತೇನೆ’ ಅಂತ ಮೂರನೆಯವರು ಮಧ್ಯೆ ನಿಲ್ಲುವುದು. ನಾವು ಜಾಮೀನು ಅನ್ನುವುದು ಇದಕ್ಕೇ. ಬ್ಯಾಂಕ್ ಗ್ಯಾರಂಟಿ, ಪರ್ಸನಲ್ ಗ್ಯಾರಂಟಿ ಎಲ್ಲ ಇದೇ ಜಾತಿ. ಫ್ರಿಜ್ ಜೊತೆ ಬರುವ ಕಾರ್ಡಿಗೂ ಇದಕ್ಕೂ ಹೆಸರು ಬಿಟ್ಟರೆ ಬೇರೆ ನೆಂಟಸ್ತನ ಇಲ್ಲ. ವಾರಂಟಿ ಅನ್ನುವ ಮಾತನ್ನು ಮಾತ್ರ ಈ ಎರಡನೇ ಅರ್ಥದಲ್ಲಿ ಬಳಸುವುದಿಲ್ಲ.

ಮೊದಲು ಸಾಮಾನಿನದ್ದು ಮುಗಿಸೋಣ. ಜಾಮೀನಿನ ವಿಷಯ ಕೊನೆಯಲ್ಲಿದೆ.

2. ಮಾತು ಕೊಟ್ಟವರು ಯಾರು?

ಕಾರ್ಡಿನಲ್ಲಿ ಯಾರ ಹೆಸರಿದೆ, ಯಾರ ವಿಳಾಸ ಇದೆ ನೋಡಿ. ತಯಾರಿಸಿದ ಕಂಪನಿಯೋ, ಮಾರಿದ ಅಂಗಡಿಯೋ, ಅಥವಾ ಇಬ್ಬರೂ ಅಲ್ಲದ ಇನ್ಯಾರೋ? ಆನ್‌ಲೈನ್‌ನಲ್ಲಿ ಕೊಳ್ಳುವಾಗ ‘ಸೆಲ್ಲರ್ ವಾರಂಟಿ’ ಅಂತಿದ್ದರೆ ಕಂಪನಿಯ ಸರ್ವಿಸ್ ಸೆಂಟರ್ ನಿಮ್ಮ ಸಾಮಾನನ್ನು ಮುಟ್ಟದೇ ಇರಬಹುದು. ಆ ಮಾರಾಟಗಾರ ನಾಳೆ ಅಂಗಡಿ ಮುಚ್ಚಿದರೆ ವಾರಂಟಿಯೂ ಅವನ ಜೊತೆಗೇ ಹೋಯಿತು. ಹೊರದೇಶದಿಂದ ತರಿಸಿದ ಸಾಮಾನಾದರೆ ‘ಮಾರಿದ ದೇಶದಲ್ಲಿ ಮಾತ್ರ ಅನ್ವಯ’ ಅನ್ನುವ ಸಾಲು ಎಲ್ಲಾದರೂ ಅಡಗಿದೆಯಾ ಹುಡುಕಿ.

ದುಡ್ಡು ಕೊಟ್ಟು ಕೊಳ್ಳುವ ‘ಎಕ್ಸ್‌ಟೆಂಡೆಡ್ ವಾರಂಟಿ’ ಹೆಸರಿಗೆ ವಾರಂಟಿ, ನಿಜದಲ್ಲಿ ಒಂದು ಬೇರೆಯೇ ಸೇವಾ ಕರಾರು. ಎಷ್ಟೋ ಸಲ ಅದನ್ನು ಕೊಡುವವರು ಮೂರನೇ ಕಂಪನಿ. ನನ್ನನ್ನು ಕೇಳಿದರೆ, ಮೊದಲ ವರ್ಷದಲ್ಲೇ ತಯಾರಿಕೆಯ ದೋಷ ಬಯಲಾಗುವಂಥ ಸಾಮಾನಿಗೆ ಇದು ದಂಡ. ರಿಪೇರಿ ಖರ್ಚು ಹೊಸದರ ಬೆಲೆಯ ಹತ್ತಿರ ಬರುವಂಥ ಸಾಮಾನಿಗೆ ಮಾತ್ರ ಯೋಚಿಸಬಹುದು. ಅದೂ ಅದರ ಅವಧಿ ಕಂಪನಿ ವಾರಂಟಿ ಮುಗಿದ ಮೇಲೆ ಶುರುವಾಗುತ್ತದಾ, ಕೊಂಡ ದಿನದಿಂದಲೇ ಓಡುತ್ತದಾ ಅಂತ ಕೇಳಿಕೊಂಡು.

3. ಪರಿಹಾರದ ಸಾಲನ್ನು ಹುಡುಕಿ

ಇಡೀ ಕಾರ್ಡಿನ ಜೀವ ಒಂದೆರಡು ಸಾಲಿನಲ್ಲಿರುತ್ತದೆ. ಉದಾಹರಣೆಗೆ ಈ ಥರದ ಸಾಲು ಎಲ್ಲ ಕಡೆ ಸಿಗುತ್ತದೆ:

“ಖರೀದಿಯ ದಿನಾಂಕದಿಂದ 12 ತಿಂಗಳೊಳಗೆ ಸಾಮಗ್ರಿ ಅಥವಾ ತಯಾರಿಕೆಯ ದೋಷದಿಂದ ಕೆಟ್ಟ ಭಾಗವನ್ನು ಕಂಪನಿಯು ತನ್ನ ವಿವೇಚನೆಯಂತೆ ದುರಸ್ತಿ ಮಾಡಿಕೊಡುವುದು ಅಥವಾ ಬದಲಾಯಿಸಿಕೊಡುವುದು. ಸಾಗಣೆ ವೆಚ್ಚ ಗ್ರಾಹಕರದು.”

ಇದನ್ನು ಬಿಡಿಸಿ ಓದಿ. ‘ಸಾಮಗ್ರಿ ಅಥವಾ ತಯಾರಿಕೆಯ ದೋಷ’ ಅಂದರೆ ಬಳಸಿ ಸವೆದಿದ್ದು, ಬಿದ್ದು ಒಡೆದಿದ್ದು ಇದರಲ್ಲಿ ಬರುವುದಿಲ್ಲ. ‘ಕೆಟ್ಟ ಭಾಗವನ್ನು’ ಅಂತಿದೆ, ‘ಯಂತ್ರವನ್ನು’ ಅಂತಿಲ್ಲ. ಹಾಗಾಗಿ ಇಡೀ ಯಂತ್ರ ಬದಲಾಯಿಸಿ ಅಂತ ಕೇಳಲು ಈ ಸಾಲಿನಲ್ಲಿ ಜಾಗ ಇಲ್ಲ. ‘ತನ್ನ ವಿವೇಚನೆಯಂತೆ’ ಅಂದರೆ ರಿಪೇರಿಯೋ ಬದಲಿಯೋ ಅನ್ನುವ ಆಯ್ಕೆ ನಿಮ್ಮದಲ್ಲ. ಬದಲಿ ಕೊಡುವುದು ಹೊಚ್ಚ ಹೊಸದೇ ಅಂತಲೂ ಹೇಳಿಲ್ಲ, ಸರಿಮಾಡಿದ ಹಳೆಯದನ್ನೂ ಕೊಡಬಹುದು. ಕೂಲಿಯ ಸುದ್ದಿಯೇ ಇಲ್ಲ. ಬಿಡಿಭಾಗ ಫ್ರೀ ಕೊಟ್ಟು ಕೂಲಿಗೆ ಬಿಲ್ ಹಾಕಿದರೆ ಜಗಳಕ್ಕೆ ದಾರಿ. ಸಾಗಣೆ ನಿಮ್ಮ ತಲೆಗೆ. ಭಾರದ ಯಂತ್ರವಾದರೆ ಈ ಒಂದು ಸಾಲೇ ವಾರಂಟಿಯ ಅರ್ಧ ಲಾಭ ತಿಂದುಬಿಡುತ್ತದೆ. ಇನ್ನು ಹಣ ವಾಪಸ್ ಅನ್ನುವ ಮಾತು ಎಲ್ಲೂ ಇಲ್ಲ, ಅಲ್ವಾ?

‘ಮೂರು ಸಲ ರಿಪೇರಿ ಮಾಡಿದರೂ ಸರಿಹೋಗದಿದ್ದರೆ ಬದಲಿ ಅಥವಾ ಹಣ ವಾಪಸ್’ ಅನ್ನುವಂಥ ಸಾಲಿದ್ದರೆ ಅದು ಒಳ್ಳೆಯ ಕಾರ್ಡು. ಅಮೆರಿಕದ ಕಾಯ್ದೆಯಲ್ಲಿ ‘ಫುಲ್ ವಾರಂಟಿ’ ಅಂತ ಕರೆಸಿಕೊಳ್ಳಬೇಕಾದರೆ ಇದು ಇರಲೇಬೇಕು: ತಕ್ಕಮಟ್ಟಿನ ಪ್ರಯತ್ನದ ಮೇಲೂ ಸರಿಹೋಗದಿದ್ದರೆ ಬದಲಿ ಬೇಕೋ ಹಣ ಬೇಕೋ ಅನ್ನುವ ಆಯ್ಕೆ ಕೊಂಡವರದು. ಆ ಮಟ್ಟ ಮುಟ್ಟದ್ದನ್ನು ‘ಲಿಮಿಟೆಡ್ ವಾರಂಟಿ’ ಅಂತಲೇ ಬರೆಯಬೇಕು. ನೀವು ನೋಡಿರುವ ಕಾರ್ಡುಗಳಲ್ಲಿ ‘ಲಿಮಿಟೆಡ್’ ಜಾಸ್ತಿ ಯಾಕೆ ಕಾಣುತ್ತದೆ ಅನ್ನುವುದಕ್ಕೆ ಇದೂ ಒಂದು ಕಾರಣ.

ಗ್ಯಾರಂಟಿ ನಿಜವಾಗಿ ಬೇರೆಯಾಗಿ ನಿಲ್ಲುವುದು ‘ಮನಿ ಬ್ಯಾಕ್ ಗ್ಯಾರಂಟಿ’ಯಲ್ಲಿ. ಅಲ್ಲಿ ದೋಷ ತೋರಿಸುವ ಗೋಜೇ ಇಲ್ಲ. ಹಿಡಿಸಲಿಲ್ಲ ಅಂದರೂ ಸಾಕು, ಹೇಳಿದ ದಿನದೊಳಗೆ ವಾಪಸ್ ಕೊಟ್ಟರೆ ಹಣ ಬರಬೇಕು. ಆದರೆ ಪ್ಯಾಕಿಂಗ್ ಬಿಚ್ಚಿರಬಾರದು, ಬಳಸಿರಬಾರದು ಅಂತೆಲ್ಲ ಷರತ್ತು ಹಾಕಿದ್ದರೆ ಆ ಗ್ಯಾರಂಟಿ ಗಾಳಿಮಾತು. ಬಳಸದೆ ಹಿಡಿಸಿತೋ ಇಲ್ಲವೋ ಹೇಗೆ ಗೊತ್ತಾಗಬೇಕು?

4. ದಿನದ ಲೆಕ್ಕ ಎಲ್ಲಿಂದ?

ಬಿಲ್ ದಿನದಿಂದ, ಸಾಮಾನು ತಲುಪಿದ ದಿನದಿಂದ, ಅಳವಡಿಸಿದ ದಿನದಿಂದ, ತಯಾರಾದ ದಿನದಿಂದ. ಈ ನಾಲ್ಕರಲ್ಲಿ ಯಾವುದಾದರೂ ಇರಬಹುದು. ತಯಾರಾದ ದಿನದಿಂದ ಅಂತಿದ್ದರೆ ಗೋದಾಮಿನಲ್ಲಿ ಕೂತಿದ್ದ ತಿಂಗಳುಗಳೂ ನಿಮ್ಮ ಲೆಕ್ಕಕ್ಕೇ. ಬದಲಿ ಕೊಟ್ಟ ಸಾಮಾನಿಗೆ ಹೊಸ ಅವಧಿಯೋ, ಹಳೆಯದರ ಉಳಿದ ಅವಧಿಯೋ ಅನ್ನುವುದನ್ನೂ ನೋಡಿ. ಬಹಳ ಕಾರ್ಡುಗಳಲ್ಲಿ ಉಳಿದ ಅವಧಿ ಅಷ್ಟೇ.

ಜಾಹೀರಾತಿನ ದೊಡ್ಡ ಅಂಕಿ ಬಹಳ ಸಲ ಒಂದೇ ಭಾಗದ್ದು. ಫ್ರಿಜ್ಜಿನ ಮೇಲಿನ ‘10 ವರ್ಷ’ ಕಂಪ್ರೆಸರ್‌ಗೆ, ಉಳಿದದ್ದಕ್ಕೆಲ್ಲ 1 ವರ್ಷ, ಅಂತ ಇರುತ್ತದೆ. ಸೋಲಾರ್ ಪ್ಯಾನೆಲ್‌ನಲ್ಲಿ ಎರಡು ಅಂಕಿ ಪಕ್ಕಪಕ್ಕದಲ್ಲೇ ಇರುತ್ತವೆ. ಒಂದು ಪ್ಯಾನೆಲ್ ಕೆಟ್ಟರೆ ಎಷ್ಟು ವರ್ಷ ಹೊಣೆ ಅನ್ನುವ ಪ್ರಾಡಕ್ಟ್ ವಾರಂಟಿ. ಇನ್ನೊಂದು, 25 ವರ್ಷ ಕಳೆದರೂ ಸುಮಾರು 80% ವಿದ್ಯುತ್ ಕೊಡುತ್ತದೆ ಅನ್ನುವ ಪರ್ಫಾರ್ಮೆನ್ಸ್ ವಾರಂಟಿ. ಗಾಜು ಬಿರುಕು ಬಿಟ್ಟಾಗ ಎರಡನೆಯದನ್ನು ಹಿಡಿದು ಹೋದರೆ ಪ್ರಯೋಜನ ಇಲ್ಲ.

ಬ್ಯಾಟರಿ, ಟೈರ್ ಕೊಳ್ಳುವವರು ‘ಪ್ರೊ-ರೇಟಾ’ ಅನ್ನುವುದನ್ನು ಗಮನಿಸಲೇಬೇಕು. ಬಳಸಿದಷ್ಟು ಕಳೆದು ಉಳಿದದ್ದಕ್ಕೆ ಮಾತ್ರ ರಿಯಾಯಿತಿ ಅಂತ ಇದರ ಅರ್ಥ. ಒಂದು ಬ್ಯಾಟರಿಗೆ 36 ತಿಂಗಳು, ಅದರಲ್ಲಿ ಮೊದಲ 18 ತಿಂಗಳು ಪೂರ್ತಿ ಬದಲಿ, ಆಮೇಲೆ ಪ್ರೊ-ರೇಟಾ ಅಂತಿಟ್ಟುಕೊಳ್ಳಿ. 27ನೇ ತಿಂಗಳು ಮುಗಿದಾಗ ಕೆಟ್ಟರೆ ಉಳಿದದ್ದು 9 ತಿಂಗಳು. 36ರಲ್ಲಿ 9 ಅಂದರೆ 25%. ಆ 25% ರಿಯಾಯಿತಿ ಸಿಗುವುದು ಮುದ್ರಿತ ಬೆಲೆಯ ಮೇಲೆ. ಅದೇ ಬ್ಯಾಟರಿ ಮಾರುಕಟ್ಟೆಯಲ್ಲಿ ಯಾರಿಗೆ ಬೇಕಾದರೂ 20% ಕಡಿಮೆಗೆ ಸಿಗುತ್ತಿದ್ದರೆ ನಿಮಗಾದ ಲಾಭ ಬರೀ 5%. ಅಂದರೆ ‘36 ತಿಂಗಳ ಗ್ಯಾರಂಟಿ’ಯಲ್ಲಿ ಗಟ್ಟಿ ಇರುವುದು ಮೊದಲ 18 ತಿಂಗಳು. ಎರಡು ಬ್ರ್ಯಾಂಡ್ ಹೋಲಿಸುವಾಗ ಈ ಮೊದಲ ಅಂಕಿಯನ್ನೇ ಹೋಲಿಸಿ.

5. ಯಾವುದಕ್ಕೆ ಇಲ್ಲ?

ಸಣ್ಣಕ್ಷರದ ಭಾಗ ಇದೇ. ನೀರು ಬಿದ್ದದ್ದು, ವೋಲ್ಟೇಜ್ ಏರಿಳಿತ, ರಬ್ಬರ್, ಬಲ್ಬು, ಫಿಲ್ಟರ್‌ನಂಥ ಸವೆಯುವ ಭಾಗಗಳು ಇಲ್ಲಿ ಮಾಮೂಲು.

ವ್ಯಾಪಾರ ಮಾಡುವವರನ್ನು ಕೆಡವುವ ಸಾಲು ಬೇರೆ ಇದೆ: ‘ಗೃಹಬಳಕೆಗೆ ಮಾತ್ರ’. ಮನೆಗಾಗಿ ಮಾಡಿದ ವಾಷಿಂಗ್ ಮೆಷಿನ್ನನ್ನೋ ಪ್ರಿಂಟರನ್ನೋ ಅಂಗಡಿ, ಕಚೇರಿ, ಹಾಸ್ಟೆಲ್‌ನಲ್ಲಿ ಇಟ್ಟರೆ ಮೊದಲ ದಿನವೇ ವಾರಂಟಿ ಇಲ್ಲವಾಗಬಹುದು, ಇಲ್ಲವೇ ಅವಧಿ ಮೊಟಕಾಗಬಹುದು. ಕಂಪನಿಯ ಹೆಸರಿಗೆ ಬಿಲ್ ಮಾಡಿಸುವ ಮುಂಚೆ ಇದನ್ನು ಕೇಳಿ ತಿಳಿದುಕೊಳ್ಳಿ.

‘ಈ ಸ್ಟಿಕ್ಕರ್ ಹರಿದರೆ ವಾರಂಟಿ ರದ್ದು’ ಅನ್ನುವುದು ಎಲ್ಲ ಕಡೆ ನಡೆಯುವ ಮಾತಲ್ಲ. ಅಮೆರಿಕದಲ್ಲಿ ವಾರಂಟಿ ಉಳಿಯಬೇಕಾದರೆ ನಮ್ಮದೇ ಬಿಡಿಭಾಗ, ನಮ್ಮದೇ ಸರ್ವಿಸ್ ಬಳಸಬೇಕು ಅಂತ ಕಟ್ಟುಹಾಕುವುದಕ್ಕೆ ಸಾಮಾನ್ಯವಾಗಿ ಅವಕಾಶ ಇಲ್ಲ. ಅವನ್ನು ಫ್ರೀ ಕೊಟ್ಟರೆ ಆ ಮಾತು ಬೇರೆ. ಇಂಥ ಷರತ್ತು, ಸ್ಟಿಕ್ಕರ್ ವಿಷಯಕ್ಕೇ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ 6 ಕಂಪನಿಗಳಿಗೆ ಎಚ್ಚರಿಕೆ ಪತ್ರ ಕಳಿಸಿತ್ತು. ಬೇರೆ ದೇಶಗಳಲ್ಲಿ ನಿಯಮ ಬೇರೆ. ಹಾಗಾಗಿ ಅವಧಿಯೊಳಗೆ ಸುಮ್ನೆ ಸ್ಕ್ರೂ ಬಿಚ್ಚಲು ಹೋಗಬೇಡಿ.

6. ಕಾರ್ಡಿನಲ್ಲಿ ಇಲ್ಲದ ಹಕ್ಕು

ಕಾರ್ಡೇ ಇಲ್ಲದಿದ್ದರೂ ಕಾನೂನು ಕೆಲವು ಭರವಸೆಗಳನ್ನು ಮಾರಾಟದೊಳಗೆ ಸೇರಿಸಿಯೇ ಇಟ್ಟಿರುತ್ತದೆ. ಸಾಮಾನು ಮಾರಾಟಕ್ಕೆ ಯೋಗ್ಯವಾಗಿರಬೇಕು, ಹೇಳಿದ ಉದ್ದೇಶಕ್ಕೆ ಒದಗಬೇಕು, ತೋರಿಸಿದ ಮಾದರಿಯಂತೆ ಇರಬೇಕು, ಇಂಥವು. ಯುರೋಪಿಯನ್ ಒಕ್ಕೂಟದಲ್ಲಿ ಹೊಸ ಸಾಮಾನಿಗೆ ಮಾರಿದವರ ಹೊಣೆ ಕನಿಷ್ಠ 2 ವರ್ಷ. 2019ರ ನಿರ್ದೇಶನದ ಪ್ರಕಾರ ಮೊದಲ 1 ವರ್ಷದೊಳಗೆ ಕಂಡ ದೋಷ ಕೊಡುವಾಗಲೇ ಇತ್ತು ಅಂತಲೇ ಲೆಕ್ಕ, ಅಲ್ಲ ಅಂತ ತೋರಿಸುವುದು ಮಾರಿದವರ ಕೆಲಸ. ಬ್ರಿಟನ್ನಿನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ದೋಷದ ಸಾಮಾನನ್ನು 30 ದಿನದೊಳಗೆ ತಿರಸ್ಕರಿಸಿ ಹಣ ವಾಪಸ್ ಪಡೆಯುವ ಹಕ್ಕು ಕೊಡುತ್ತದೆ. ಅಲ್ಲಿ ಮಾರಿದವರು ‘ಕಂಪನಿಯನ್ನೇ ಕೇಳಿ’ ಅಂತ ಕೈತೊಳೆದುಕೊಳ್ಳುವಂತಿಲ್ಲ.

ಇದನ್ನು ಓದಿ ಖುಷಿಪಡುವ ಮುಂಚೆ ಒಂದು ಮಾತು. ಈ ರಕ್ಷಣೆಯಲ್ಲಿ ಹೆಚ್ಚಿನದು ಸ್ವಂತ ಬಳಕೆಗೆ ಕೊಳ್ಳುವ ಗ್ರಾಹಕರಿಗೆ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೂ ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ‘ಗ್ರಾಹಕ’ ಅನ್ನುವುದರಿಂದಲೇ ಹೊರಗಿಟ್ಟಿದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಕೊಂಡವರಿಗೆ ಮಾತ್ರ ವಿನಾಯಿತಿ. ಕಂಪನಿ ಕಂಪನಿಗಳ ನಡುವೆ ಉಳಿಯುವುದು ಮಾರಾಟದ ಸಾಮಾನ್ಯ ಕಾನೂನು ಮತ್ತು ನೀವು ಸಹಿ ಹಾಕಿದ ಕಾಗದ. ಆ ಕಾಗದದಲ್ಲಿ ‘ಇಲ್ಲಿ ಹೇಳಿದ್ದು ಬಿಟ್ಟು ಬೇರೆ ಯಾವ ಭರವಸೆಯೂ ಇಲ್ಲ’ ಅನ್ನುವ ಸಾಲಿದ್ದರೆ ಕಾನೂನು ಸೇರಿಸಿಟ್ಟ ಭರವಸೆಗಳೂ ಎಷ್ಟೋ ಸಲ ಬಿದ್ದುಹೋಗುತ್ತವೆ.

7. ಕೆಟ್ಟಾಗ ಏನು ಮಾಡಬೇಕು?

ಬಿಲ್ ಕೈಗೆ ಬಂದ ದಿನವೇ ಫೋಟೋ ತೆಗೆದಿಡಿ. ಥರ್ಮಲ್ ಕಾಗದದ ಬಿಲ್ ಕೆಲವೇ ತಿಂಗಳಲ್ಲಿ ಬಿಳಿಯಾಗಿಬಿಡಬಹುದು. ಸೀರಿಯಲ್ ನಂಬರ್ ಇರುವ ಚೀಟಿಯ ಫೋಟೋವನ್ನೂ ತೆಗೆಯಿರಿ, ಅದು ಯಂತ್ರದ ಹಿಂದೆಯೋ ಅಡಿಯಲ್ಲೋ ಇರುತ್ತದೆ, ಆಮೇಲೆ ತಿರುಗಿಸುವುದು ಕಷ್ಟ. ನೋಂದಣಿ ಮಾಡಿಸಿದರೆ ಮಾತ್ರ ವಾರಂಟಿ ಅಂತಿದ್ದರೆ ಅಂದೇ ಮಾಡಿಸಿ.

ದೋಷ ಕಂಡ ಕೂಡಲೇ ಬರಹದಲ್ಲಿ ತಿಳಿಸಿ. ಫೋನ್ ಮಾಡಿದರೆ ದೂರಿನ ಸಂಖ್ಯೆ ಪಡೆದು, ಅದನ್ನೇ ಹಾಕಿ ಒಂದು ಇಮೇಲ್ ಕಳಿಸಿ. ಅವಧಿ ಮುಗಿಯಲು ಎರಡು ದಿನ ಇದ್ದಾಗ ಫೋನ್‌ನಲ್ಲಿ ಹೇಳಿದ್ದಕ್ಕೆ ಆಮೇಲೆ ಸಾಕ್ಷಿ ಸಿಗುವುದಿಲ್ಲ. ದೇಶ ದಾಟುವ ವ್ಯಾಪಾರದಲ್ಲಿ ಇದು ಇನ್ನೂ ಗಂಭೀರ. ಸರಕು ಮಾರಾಟದ ಬಗ್ಗೆ 1980ರ ವಿಶ್ವಸಂಸ್ಥೆ ಒಪ್ಪಂದ ಅನ್ವಯಿಸುವ ಕಡೆ, ದೋಷವನ್ನು ತಕ್ಕ ಸಮಯದಲ್ಲಿ ತಿಳಿಸದಿದ್ದರೆ ಹಕ್ಕೇ ಹೋಗುತ್ತದೆ. ಏನೇ ಆದರೂ ಸರಕು ಕೈಗೆ ಬಂದ 2 ವರ್ಷದೊಳಗೆ ತಿಳಿಸಬೇಕು. ಕರಾರಿನಲ್ಲಿ ಬೇರೆ ಗ್ಯಾರಂಟಿ ಅವಧಿ ಇದ್ದರೆ ಮಾತ್ರ ಇದು ಬದಲಾಗುತ್ತದೆ.

ಸಾಮಾನನ್ನು ರಿಪೇರಿಗೆ ಕೊಡುವಾಗ ಜಾಬ್ ಶೀಟ್, ಅಂದರೆ ಸರ್ವಿಸ್ ಸೆಂಟರಿನವರು ದೋಷ ಬರೆದುಕೊಳ್ಳುವ ಚೀಟಿ, ಓದಿ. ನೀವು ‘ಆನ್ ಆಗುತ್ತಿಲ್ಲ’ ಅಂದದ್ದನ್ನು ಅಲ್ಲಿ ‘ನೀರು ಹೋಗಿದೆ’ ಅಂತ ಬರೆದಿದ್ದರೆ ಸಹಿ ಹಾಕಬೇಡಿ, ತಿದ್ದಿಸಿ. ಆ ಒಂದು ಸಾಲೇ ಮುಂದೆ ನಿಮ್ಮ ವಿರುದ್ಧದ ದಾಖಲೆ. ಪ್ರತಿ ರಿಪೇರಿಯ ಶೀಟನ್ನೂ ಇಟ್ಟುಕೊಳ್ಳಿ. ಒಂದೇ ದೋಷ ಮತ್ತೆ ಮತ್ತೆ ಬಂದಿದೆ ಅಂತ ತೋರಿಸಿ ಬದಲಿ ಕೇಳಲು ಇದಕ್ಕಿಂತ ಗಟ್ಟಿ ಪುರಾವೆ ಬೇರೆ ಇಲ್ಲ. ಕಂಪ್ಯೂಟರ್, ಫೋನ್ ಆದರೆ ಡೇಟಾ ಮೊದಲೇ ತೆಗೆದಿಟ್ಟುಕೊಳ್ಳಿ, ಅದಕ್ಕೆ ಯಾವ ಕಾರ್ಡೂ ಹೊಣೆಯಲ್ಲ.

8. ನೀವೇ ಮಾರುವವರಾದರೆ

ಮೊದಲು ನಿಮ್ಮ ಹಿಂದಿನ ಅವಧಿ ನೋಡಿ. ನಿಮಗೆ ಸರಕು ಕೊಟ್ಟವರ 12 ತಿಂಗಳು ನೀವು ಕೊಂಡ ದಿನವೇ ಓಡಲು ಶುರು. ಸರಕು ನಿಮ್ಮ ಗೋದಾಮಿನಲ್ಲಿ 4 ತಿಂಗಳು ಕೂತು, ಆಮೇಲೆ ನೀವು 12 ತಿಂಗಳ ವಾರಂಟಿ ಕೊಟ್ಟು ಮಾರಿದಿರಿ. ಕೊನೆಯ 4 ತಿಂಗಳು ಹೊಣೆ ನಿಮ್ಮೊಬ್ಬರದೇ. ಅದಕ್ಕೇ ಸರಬರಾಜುದಾರರ ಜೊತೆ ‘ಕೊನೆಯ ಗ್ರಾಹಕರಿಗೆ ಮಾರಿದ ದಿನದಿಂದ’ ಅಂತ ಬರೆಸಿಕೊಳ್ಳಿ. ಒಪ್ಪದಿದ್ದರೆ ಆ ಖರ್ಚನ್ನು ಬೆಲೆಯಲ್ಲೇ ಲೆಕ್ಕ ಹಾಕಿ.

‘ಲೈಫ್‌ಟೈಮ್ ಗ್ಯಾರಂಟಿ’ ಅಂತ ಬರೆಯುವ ಆಸೆ ಬಂದರೆ ಯಾರ ಆಯುಷ್ಯ ಅಂತ ಬರೆದುಬಿಡಿ. ಸಾಮಾನಿನದೋ, ಕೊಂಡವರದೋ, ಆ ಮಾದರಿ ತಯಾರಾಗುವ ತನಕವೋ? ಬರೆಯದಿದ್ದರೆ ಗ್ರಾಹಕರು ತಮಗೆ ಬೇಕಾದ ಅರ್ಥವನ್ನೇ ಹಿಡಿಯುತ್ತಾರೆ, ತಪ್ಪೂ ಅಲ್ಲ. ಮಾರಾಟದ ಹುಡುಗರು ಬಾಯಲ್ಲಿ ಕೊಡುವ ಭರವಸೆಯೂ ಕೆಲವು ಸಲ ವಾರಂಟಿಯಾಗಿ ತಲೆಗೆ ಸುತ್ತಿಕೊಳ್ಳುತ್ತದೆ. ‘ಒಳ್ಳೇ ಯಂತ್ರ ಸಾರ್’ ಅಂದರೆ ಹೊಗಳಿಕೆ. ‘ಗಂಟೆಗೆ 500 ಪುಟ ಪ್ರಿಂಟ್ ಮಾಡುತ್ತೆ ಸಾರ್’ ಅಂದರೆ ಅದು ಭರವಸೆ.

ಲೆಕ್ಕಪತ್ರದಲ್ಲೂ ಇದಕ್ಕೆ ಜಾಗ ಬೇಕು. ಅಂತರರಾಷ್ಟ್ರೀಯ ಲೆಕ್ಕ ಮಾನದಂಡಗಳ ಪ್ರಕಾರ, ಸಾಮಾನಿನ ಜೊತೆ ಬರುವ ಮಾಮೂಲು ವಾರಂಟಿಗೆ ಆಗಬಹುದಾದ ಖರ್ಚನ್ನು ಮಾರಾಟದ ಹೊತ್ತಿಗೇ ಅಂದಾಜಿಸಿ ಎತ್ತಿಡಬೇಕು. ಬೇರೆಯಾಗಿ ದುಡ್ಡು ಪಡೆದು ಮಾರಿದ ವಾರಂಟಿ ಹಾಗಲ್ಲ, ಅದರ ಆದಾಯವನ್ನು ಸೇವೆ ಕೊಡುವ ಅವಧಿಗೆ ಹಂಚಿ ತೋರಿಸಬೇಕು. ದುಡ್ಡು ಬಂತು ಅಂತ ಮೊದಲ ತಿಂಗಳೇ ಲಾಭಕ್ಕೆ ಸೇರಿಸುವ ಹಾಗಿಲ್ಲ.

ಕರಾರು ಪತ್ರಗಳಲ್ಲಿ ‘ವಾರಂಟಿ’ಗೆ ಇನ್ನೊಂದು ಅರ್ಥವೂ ಉಂಟು. ಭಾರತದ 1930ರ ಸರಕು ಮಾರಾಟ ಕಾಯ್ದೆ, ಇಂಗ್ಲೆಂಡಿನ ಕಾನೂನು ಎರಡರಲ್ಲೂ ‘ಕಂಡೀಷನ್’ ಅಂದರೆ ವ್ಯವಹಾರದ ಬುನಾದಿ. ಅದನ್ನು ಮುರಿದರೆ ಸರಕನ್ನೇ ತಿರಸ್ಕರಿಸಬಹುದು. ‘ವಾರಂಟಿ’ ಅಂದರೆ ಪಕ್ಕದ ಮಾತು. ಮುರಿದರೆ ನಷ್ಟ ಪರಿಹಾರ ಕೇಳಬಹುದು, ಸರಕು ವಾಪಸ್ ಒಪ್ಪಿಸಲಾಗದು. ನಿಮಗೆ ಬಹಳ ಮುಖ್ಯವಾದ ಗುಣ ಯಾವುದೋ ಅದನ್ನು ವಾರಂಟಿ ಪಟ್ಟಿಯಲ್ಲಿ ಬಿಡದೆ ಷರತ್ತಾಗಿಯೇ ಬರೆಸಿ.

9. ಜಾಮೀನಿನ ಗ್ಯಾರಂಟಿಗೆ ಸಹಿ ಹಾಕುವಾಗ

ಭಾರತದ 1872ರ ಕರಾರು ಕಾಯ್ದೆಯ 126ನೇ ಸೆಕ್ಷನ್ ಹೇಳುವ ಗ್ಯಾರಂಟಿ ಇದೇ: ಸಾಲ ಕೊಟ್ಟವರು, ಸಾಲಗಾರರು, ಜಾಮೀನುದಾರರು, ಮೂವರ ವ್ಯವಹಾರ. ಇಲ್ಲಿ ಬಾಯಿಮಾತಿನ ಗ್ಯಾರಂಟಿಗೂ ಬೆಲೆ ಇದೆ. ಇಂಗ್ಲೆಂಡಿನಲ್ಲಿ 1677ರ ಕಾಯ್ದೆಯಿಂದಾಗಿ ಬರಹ ಬೇಕೇ ಬೇಕು. ‘ಸುಮ್ನೆ ಒಂದು ಸಹಿ’ ಅಂತ ಕೇಳುವವರು ಹೇಳದ ವಿಷಯ ಒಂದಿದೆ. ಬೇರೆ ಮಾತು ಬರೆಯದಿದ್ದರೆ ಜಾಮೀನುದಾರರ ಹೊಣೆ ಸಾಲಗಾರರಷ್ಟೇ. ಮೊದಲು ಸಾಲಗಾರರನ್ನು ಪೂರ್ತಿ ವಿಚಾರಿಸಿ ಆಮೇಲೆ ನಿಮ್ಮ ಹತ್ತಿರ ಬರಬೇಕು ಅಂತೇನಿಲ್ಲ. ನಿಮ್ಮ ಕಂಪನಿಯ ಸಾಲಕ್ಕೆ ನೀವೇ ಪರ್ಸನಲ್ ಗ್ಯಾರಂಟಿ ಕೊಟ್ಟರೆ ಕಂಪನಿಯ ಸಾಲ ನಿಮ್ಮ ಸ್ವಂತ ಆಸ್ತಿಗೆ ತಟ್ಟದಂತೆ ಲಿಮಿಟೆಡ್ ಕಂಪನಿ ಕೊಡುವ ರಕ್ಷಣೆ ಆ ಸಾಲದ ಮಟ್ಟಿಗೆ ಇಲ್ಲವಾಯಿತು. ಗರಿಷ್ಠ ಮೊತ್ತ ಎಷ್ಟು, ಯಾವ ದಿನದ ತನಕ ಅನ್ನುವುದನ್ನಾದರೂ ಕಾಗದದಲ್ಲಿ ತರಿಸಿ.

ಬ್ಯಾಂಕ್ ಗ್ಯಾರಂಟಿ ಇನ್ನೂ ಬಿಗಿ. ‘ಕೇಳಿದ ಕೂಡಲೇ ಕೊಡತಕ್ಕದ್ದು’ ಅಂತಿದ್ದರೆ, ಸಾಮಾನು ಸರಿಯಿತ್ತೋ ಇಲ್ಲವೋ ಅನ್ನುವ ಕೊಂಡವರ, ಮಾರಿದವರ ಜಗಳ ಬ್ಯಾಂಕಿಗೆ ಬೇಡ. ಗ್ಯಾರಂಟಿಯಲ್ಲಿ ಹೇಳಿದ ಕಾಗದ ಸರಿಯಾಗಿ ಬಂದರೆ ಅದು ಹಣ ಕೊಡುತ್ತದೆ. ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ 2010ರ ನಿಯಮಾವಳಿ, ವ್ಯವಹಾರದವರು ಯುಆರ್‌ಡಿಜಿ 758 ಅನ್ನುವುದು, ಇದೇ ತತ್ವದ ಮೇಲೆ ನಿಂತಿದೆ.

ವಾರಂಟಿ ಮತ್ತು ಗ್ಯಾರಂಟಿ ಒಟ್ಟಿಗೆ ಸೇರುವ ಜಾಗ ದೊಡ್ಡ ಯಂತ್ರ, ಕಟ್ಟಡ, ಗುತ್ತಿಗೆಯ ಕೆಲಸ. ಸರಬರಾಜುದಾರರು 24 ತಿಂಗಳ ವಾರಂಟಿ ಕೊಡುತ್ತಾರೆ, ಆ ಮಾತಿಗೆ ತಪ್ಪಿದರೆ ಹಣ ಬರಲಿ ಅಂತ ಕೊಳ್ಳುವವರು ಬ್ಯಾಂಕ್ ಗ್ಯಾರಂಟಿ ಕೇಳುತ್ತಾರೆ. ಎರಡೂ ಒಂದೇ ದಿನ ಮುಗಿಯುವಂತೆ ಬರೆಯಬೇಡಿ. ವಾರಂಟಿಯ ಕೊನೆಯ ವಾರದಲ್ಲಿ ಯಂತ್ರ ನಿಂತರೆ ಪರೀಕ್ಷೆ ಮಾಡಿಸಿ, ಪತ್ರ ಬರೆದು, ಉತ್ತರಕ್ಕೆ ಕಾಯುವಷ್ಟರಲ್ಲಿ ಬ್ಯಾಂಕಿನ ಗಡುವು ದಾಟಿರುತ್ತದೆ. ಬ್ಯಾಂಕ್ ಗ್ಯಾರಂಟಿ ವಾರಂಟಿಗಿಂತ ಒಂದೆರಡು ತಿಂಗಳು ಮುಂದಕ್ಕೆ ಇರಲಿ. ಅದು ಮುಗಿಯುವ ದಿನಕ್ಕೆ ತಿಂಗಳ ಮುಂಚೆಯೇ ನೆನಪಿನ ಗುರುತು ಹಾಕಿಟ್ಟುಕೊಳ್ಳಿ. ನೀವು ಗ್ಯಾರಂಟಿ ಕೊಟ್ಟವರಾದರೆ, ಅವಧಿ ಮುಗಿದ ಮೇಲೆ ಮೂಲ ಪತ್ರವನ್ನು ವಾಪಸ್ ಪಡೆದು ಬ್ಯಾಂಕಿಗೆ ಒಪ್ಪಿಸಿ. ಇಲ್ಲದಿದ್ದರೆ ಅಡವಿಟ್ಟ ಠೇವಣಿ ಬಿಡಿಸಿಕೊಳ್ಳಲು ಅಲೆಯಬೇಕಾಗುತ್ತದೆ.